ಏಳಕ್ಕೊಂದು ಕೈ ಮೆರುಗು

ನಂಬರ್ ನೋಡಿ ಬಣ್ಣ ತುಂಬಿದ ಚಿತ್ರಕ್ಕೆ ವಾರ್ನಿಷ್ ಬೇರೆ ಕೇಡು ಎಂದು ಮೂಗು ಮುರಿಯುವವರಿದ್ದಾರೆ. ಗೆರೆ ಕಾರ್ಖಾನೆಯದು, ಬಣ್ಣ ಡಬ್ಬಿಯದು, ಮೆರುಗು ಯಾರ ಉದ್ಧಾರಕ್ಕೆ ಎಂಬುದು ಅವರ ತಕರಾರು. ನನಗನ್ನಿಸುವುದು ತದ್ವಿರುದ್ಧ: ಈ ಇಡೀ ವ್ಯವಹಾರದಲ್ಲಿ ಬಿಡಿಸುವವರ ಸ್ವಂತ ಬುದ್ಧಿಗೆ ಕೆಲಸ ಸಿಗುವುದೇ ನಂಬರುಗಳೆಲ್ಲ ಮುಗಿದ ಮೇಲೆ. ತಿಳಿಹಳದಿ ಆಕಾಶದೊಳಗಿಂದ 7 ಎಂಬ ಅಂಕಿ ಇಣುಕುತ್ತಿದ್ದರೆ ಸೂರ್ಯಾಸ್ತ ಹೋಗಿ ಕ್ಯಾಲೆಂಡರ್ ಆಗುತ್ತದೆ. ಅಲ್ಲಿ ಇನ್ನೊಂದು ಕೈ ಬಣ್ಣ ಎಳೆಯಿರಿ ಎಂದು ಯಾವ ನಂಬರೂ ಹೇಳುವುದಿಲ್ಲ. ಅದೂ ವಾರ್ನಿಷ್‌ಗೆ ಮೊದಲೇ ಆಗಬೇಕು. ಇಲ್ಲದಿದ್ದರೆ ಏಳಕ್ಕೆ ಗಾಜಿನ ಮಂಟಪ ಕಟ್ಟಿಸಿದಂತೆ.

ಎಷ್ಟು ಹೊಳೆದರೂ ಅದು ಕಲೆಯಲ್ಲವಲ್ಲ ಎನ್ನಬಹುದು. 1950ರ ಸುಮಾರಿಗೆ ಡೆಟ್ರಾಯಿಟ್‌ನಲ್ಲಿ ಈ ನಂಬರ್-ಚಿತ್ರದ ಕಿಟ್ಟನ್ನು ರೂಪಿಸಿದ ಡ್ಯಾನ್ ರಾಬಿನ್ಸ್, ಲಿಯೊನಾರ್ಡೊ ತನ್ನ ಶಿಷ್ಯರಿಗೆ ನಂಬರು ಹಾಕಿ ಕೊಡುತ್ತಿದ್ದನಂತೆ ಎಂಬ ಮಾತಿನಿಂದಲೇ ಐಡಿಯಾ ಹೊಳೆಯಿತು ಎಂದಿದ್ದರು. ಇನ್ನು ಇಂಗ್ಲಿಷ್ ಚಿತ್ರಕಾರ ಟರ್ನರ್ ಮಹಾಶಯನಂತೂ ಲಂಡನ್ನಿನ ರಾಯಲ್ ಅಕಾಡೆಮಿ ವಾರ್ನಿಷ್ ಹಚ್ಚಲೆಂದು ಬಿಟ್ಟುಕೊಟ್ಟ ದಿನಗಳಲ್ಲಿ ಅರೆಬರೆ ಚಿತ್ರ ತಂದು ಅಲ್ಲೇ ಬಣ್ಣ ಮೆತ್ತಿ ಮುಗಿಸುತ್ತಿದ್ದ. ಕೊನೆಯ ಗಳಿಗೆಯ ಕೈಚಳಕಕ್ಕೆ ಇದಕ್ಕಿಂತ ದೊಡ್ಡ ಶಿಫಾರಸು ಬೇಕೆ? ಆದರೆ ಮೆರುಗೆಂದರೆ ಮಿರುಗುವುದೊಂದೇ ಅಲ್ಲ. ಗ್ಲಾಸಿ ವಾರ್ನಿಷ್ ಬಣ್ಣವನ್ನು ಗಾಢವಾಗಿಸುತ್ತದೆ ನಿಜ, ಜೊತೆಗೆ ಎದುರುಗೋಡೆಯ ಟ್ಯೂಬ್‌ಲೈಟನ್ನೂ ಚಿತ್ರದೊಳಗಿನ ಕೆರೆಯ ನಡುವೆ ತೇಲಿಬಿಡುತ್ತದೆ. ಅಂಥ ಕಡೆ ಹೊಳಪಿಲ್ಲದ ಮ್ಯಾಟೇ ವಾಸಿ. ಯಾವುದಾದರೂ ಸರಿ, ಬಾಟಲಿಯನ್ನು ಕೆಮ್ಮಿನ ಔಷಧಿಯಂತೆ ಕುಲುಕಿದರೆ ಗುಳ್ಳೆಯೇಳುತ್ತದೆ. ಮೆಲ್ಲಗೆ ಕಲಸಿ, ಅಗಲವಾದ ಮೃದು ಬ್ರಷ್‌ನಲ್ಲಿ ತೆಳುವಾಗಿ ಎಳೆದು, ಒಣಗಿದ ಮೇಲೆ ಅಡ್ಡಡ್ಡ ಇನ್ನೊಂದು ಕೈ. ಅಷ್ಟರಲ್ಲಿ ಫ್ಯಾನ್ ಹಾಕಿದಿರೋ, ಹಂಸದ ಕತ್ತಿಗೆ ಬೆಕ್ಕಿನ ಕೂದಲು ಶಾಶ್ವತ.