ಪದಚ್ಯುತ ಮಹಾಸಂಖ್ಯೆಯ ಸಂದರ್ಶನ

67 ಎರಡುಗಳನ್ನು ಪರಸ್ಪರ ಗುಣಿಸಿ, ಬಂದ ಲಬ್ಧದಲ್ಲಿ ಒಂದನ್ನು ಕಳೆದಾಗ ಉಳಿಯುವ 147573952589676412927 ಎಂಬ ಇಪ್ಪತ್ತೊಂದು ಅಂಕಿಗಳ ಮಹನೀಯರು, ಒಂದು ಕಾಲದಲ್ಲಿ ಅವಿಭಾಜ್ಯಕುಲದ ಅಗ್ರಗಣ್ಯರೆನಿಸಿ, ಈಗ ಸಂಯುಕ್ತ ಸಂಖ್ಯೆಗಳ ಪಂಕ್ತಿಯಲ್ಲಿ ಕುಳಿತಿರುವರಾದರೂ, ಹಳೆಯ ಗತ್ತನ್ನು ಮಾತ್ರ ಕಿಂಚಿತ್ತೂ ಬಿಟ್ಟಿಲ್ಲವೆಂಬುದು ಮೊದಲ ಮಾತಿನಲ್ಲಿಯೇ ನನಗೆ ವೇದ್ಯವಾಯಿತು.

ನಾನು: ತಮಗೆ ಅವಿಭಾಜ್ಯಪದವಿಯನ್ನು ದಯಪಾಲಿಸಿದವರಾರು?

ಸಂಖ್ಯೆ: ಪ್ಯಾರಿಸಿನ ಸಂನ್ಯಾಸಿ ಮರ್ಸೆನ್ನರು. 1644ರ ತಮ್ಮ ಗ್ರಂಥದ ಪೀಠಿಕೆಯಲ್ಲಿ, ಎರಡನ್ನು ಯಾವ ಯಾವ ಘಾತಕ್ಕೇರಿಸಿ ಒಂದನ್ನು ಕಳೆದರೆ ಅವಿಭಾಜ್ಯವು ದೊರೆಯುವುದೆಂದು 257ರವರೆಗೆ ಹನ್ನೊಂದು ಹೆಸರುಗಳನ್ನು ಪಟ್ಟಿಮಾಡಿದರು, 67 ಅದರಲ್ಲಿತ್ತು. ಸಾಧನೆಯನ್ನು ಅವರು ಕೊಡಲಿಲ್ಲ. ದೊಡ್ಡವರ ಶಿಫಾರಸಿನಿಂದ ನಾನು 232 ವರ್ಷ ಸುಖವಾಗಿದ್ದೆ.

ನಾನು: ಪರೀಕ್ಷೆಯೆಂಬುದು ಇರಲಿಲ್ಲವೆ?

ಸಂಖ್ಯೆ: ಏಕಿಲ್ಲ! ಎರಡನ್ನು ನನಗಿಂತ ಒಂದು ಕಡಿಮೆಯಾದ ಘಾತಕ್ಕೇರಿಸಿ ನನ್ನಿಂದಲೇ ಭಾಗಿಸಿ ನೋಡಿರಿ, ಶೇಷವು ಒಂದೇ. ಫೆರ್ಮಾ ಮಹಾಶಯರ ಈ ಪರೀಕ್ಷೆಯಲ್ಲಿ ನಾನು ಇಂದಿಗೂ ಉತ್ತೀರ್ಣ. ಅದಕ್ಕಾಗಿ ನನಗೆ 'ಹುಸಿ ಅವಿಭಾಜ್ಯ' ಎಂಬ ಬಿರುದು! ಜರಡಿಯ ಕಣ್ಣು ದೊಡ್ಡದಾದರೆ ಕಾಳಿನದೇನು ತಪ್ಪು?

ನಾನು: ಪದಚ್ಯುತಿಯಾದದ್ದು ಹೇಗೆ?

ಸಂಖ್ಯೆ: 1876ರಲ್ಲಿ ಫ್ರಾನ್ಸಿನ ಲುಕಾಸರು, ನನ್ನ ಒಂದು ಅಪವರ್ತನವನ್ನಾದರೂ ಕಾಣದೆಯೇ, ನಾನು ಅವಿಭಾಜ್ಯನಲ್ಲವೆಂದು ಸಾಧಿಸಿಬಿಟ್ಟರು. ಮಾಲು ಸಿಗದಿದ್ದರೂ ತೀರ್ಪು! ಅದು ಸಿಕ್ಕಿದ್ದು 1903ರ ಅಕ್ಟೋಬರಿನಲ್ಲಿ. ನ್ಯೂಯಾರ್ಕಿನಲ್ಲಿ ಅಮೆರಿಕದ ಗಣಿತ ಸಂಘವು ಸೇರಿದ್ದಾಗ, ಕೋಲ್ ಎಂಬ ಪ್ರಾಧ್ಯಾಪಕರು ಎದ್ದು, ತುಟಿ ಬಿಚ್ಚದೆ, ಹಲಗೆಯ ಒಂದು ಕಡೆ ನನ್ನನ್ನು ಲೆಕ್ಕಮಾಡಿ ಬರೆದು, ಇನ್ನೊಂದು ಕಡೆ 193707721ನ್ನು 761838257287ರಿಂದ ಸಾಲುಸಾಲಾಗಿ ಗುಣಿಸಿ, ಎರಡೂ ಒಂದೇ ಎಂದು ಕಾಣುತ್ತಲೇ ಹೋಗಿ ಕುಳಿತರಂತೆ. ಸಭೆ ಚಪ್ಪಾಳೆ ತಟ್ಟಿತು. ಇದಕ್ಕೆ ಮೂರು ವರ್ಷದ ಭಾನುವಾರಗಳು ಹಿಡಿದುವೆಂದು ಅವರು ಆಮೇಲೆ ಹೇಳಿದರೆಂಬುದು ಪ್ರತೀತಿ. ಭಾನುವಾರ ಮನೆಯಲ್ಲಿ ಮಾಡಲು ಬೇರೆ ಕೆಲಸವೇ ಇರಲಿಲ್ಲವೆ ಆ ಪುಣ್ಯಾತ್ಮರಿಗೆ?

ನಾನು: ಆ ಅಪವರ್ತನಗಳೊಡನೆ ತಮ್ಮ ಬಾಂಧವ್ಯವೆಂತು?

ಸಂಖ್ಯೆ: ಇಬ್ಬರೂ ಅಪ್ಪಟ ಅವಿಭಾಜ್ಯರು, ಅದೇ ಹೊಟ್ಟೆಯುರಿ. 67ರಿಂದ ಭಾಗಿಸಿದರೆ ನಮ್ಮ ಮೂವರಿಗೂ ಶೇಷವು ಒಂದೇ, ವಂಶದ ಮಚ್ಚೆ. ಆದರೆ ನನ್ನನ್ನುಳಿದ ನನ್ನ ಭಾಜಕಗಳನ್ನೆಲ್ಲ ಕೂಡಿದರೂ 762031965009 ಮಾತ್ರ, ನನ್ನ ಹತ್ತೊಂಬತ್ತು ಕೋಟಿಯಲ್ಲೊಂದು ಪಾಲು. ಆದಕಾರಣ ನಾನು 'ಊನ ಸಂಖ್ಯೆ'ಯಂತೆ.

ನಾನು: ಕ್ಷಮಿಸಬೇಕು, ತಾವು ಅವಿಭಾಜ್ಯರೇ ಆಗಿದ್ದರೆ ಆ ಮೊತ್ತವು ಬರಿಯ ಒಂದಾಗುತ್ತಿತ್ತು, ಊನವು ಇನ್ನೂ ಹೆಚ್ಚುತ್ತಿತ್ತಲ್ಲವೆ?

ಸಂಖ್ಯೆ: ಕುಲೀನರ ಊನವನ್ನು ಯಾರು ಎಣಿಸುತ್ತಾರೆ, ಸ್ವಾಮಿ! ಆಗ 66 ಎರಡುಗಳ ಗುಣಲಬ್ಧದಿಂದ ನನ್ನನ್ನು ಗುಣಿಸಿದ್ದರೆ, ಯೂಕ್ಲಿಡರ ನಿಯಮದಂತೆ, ಪರಿಪೂರ್ಣ ಸಂಖ್ಯೆಯೊಂದು ಜನಿಸುತ್ತಿತ್ತು.

ನಾನು: ಪಟ್ಟಿಯಲ್ಲಿ ಬಿಟ್ಟುಹೋಗಿದ್ದ 61ರ ವಿಷಯ?

ಸಂಖ್ಯೆ: ಆತನನ್ನು 1883ರಲ್ಲಿ ರಷ್ಯದ ಪಾದ್ರಿ ಪೆರ್ವುಶಿನ್ ಅವಿಭಾಜ್ಯನೆಂದು ಸಾಧಿಸಿದರು. 61 ಎಂದು ಬರೆಯಹೋಗಿ ಕೈತಪ್ಪಿ 67 ಆಯಿತೆಂಬ ಊಹೆಯೂ ಉಂಟು. ಅದನ್ನು ದಯವಿಟ್ಟು ಅಚ್ಚುಹಾಕಿಸಬೇಡಿ. ಆತನು 232 ವರ್ಷದ ಬಾಕಿ ಸಂಬಳ ಕೇಳಿಯಾನು.