ಚಾಳೀಸಿಗೆ ಯಾರೂ ಕುರ್ಚಿ ಕೊಡುವುದಿಲ್ಲ

ಮದುವೆಮನೆಯಲ್ಲಿ ಕಾಯಿಲೆಗಳಿಗೂ ಒಂದು ಅಂತಸ್ತಿದೆ. ಸಕ್ಕರೆ ಕಾಯಿಲೆಯವರಿಗೆ ಬೇರೆ ಕಾಫಿ ಬರುತ್ತದೆ, ಅದೂ ಎಲ್ಲರಿಗಿಂತ ಮೊದಲೇ ಬರುತ್ತದೆ. ಮಂಡಿನೋವಿನವರಿಗೆ ನೆಲದ ಪಂಕ್ತಿಯಿಂದ ವಿನಾಯಿತಿ. ಬಿಪಿಯವರು ಉಪ್ಪಿನಕಾಯಿಗೆ ಕೈ ಅಡ್ಡ ಹಿಡಿದರೆ ಅಕ್ಕಪಕ್ಕದ ಎಲೆಯವರು ‘ಅಯ್ಯೋ’ ಎಂದು ಮರುಗುತ್ತಾರೆ. ಇನ್ನು ಬೈಪಾಸ್ ಆದವರೊಬ್ಬರು ಬಂದಿದ್ದರಂತೂ ಕೇಳುವುದೇ ಬೇಡ; ಗಂಡಿನ ಕಡೆಯವರೂ ಅವರ ಸುತ್ತ ಕುರ್ಚಿ ಎಳೆದುಕೊಂಡು ಕೂರುತ್ತಾರೆ, ಗಟ್ಟಿಮೇಳ ಬಾರಿಸಿದ್ದೂ ಕಿವಿಗೆ ಬೀಳುವುದಿಲ್ಲ. ಇಂಥದೊಂದು ಘನಸಭೆಯಲ್ಲಿ ನಾನೂ ಧೈರ್ಯ ಮಾಡಿ ‘ನನಗೆ ಚಾಳೀಸು ಬಂದಿದೆ’ ಅಂದೆ. ಒಬ್ಬರು ಮಾತ್ರ ‘ಈಗ ಬಂತಾ? ತಡವಾಯ್ತಲ್ಲ’ ಅಂದು ಮತ್ತೆ ಬೈಪಾಸಿನ ಕಡೆ ಕಿವಿ ಕೊಟ್ಟರು.

ಚಾಳೀಸಿನ ದೌರ್ಭಾಗ್ಯವೇ ಅದು. ಪಥ್ಯವಿಲ್ಲ, ಮಾತ್ರೆಯಿಲ್ಲ, ನೋಡಿಕೊಂಡು ಹೋಗಲು ಯಾರೂ ಸೇಬು, ಮೂಸಂಬಿ ಹಿಡಿದು ಬರುವುದಿಲ್ಲ. ಹಾಗಂತ ಯಾರನ್ನೂ ಬಿಡುವುದೂ ಇಲ್ಲ. ಬೆಳಗಿನ ಜಾವ ಎದ್ದು ಸೂರ್ಯನಮಸ್ಕಾರ ಹಾಕುವವರಿಗೂ ಬರುತ್ತದೆ, ಎಂಟಕ್ಕೆ ಎದ್ದು ಬೀಡಿ ಹಚ್ಚುವವರಿಗೂ ಬರುತ್ತದೆ. ಬಾಲ್ಯದಿಂದ ಕ್ಯಾರೆಟ್ ಜಗಿದವರನ್ನೂ ಅದು ಕೈಬಿಟ್ಟ ಉದಾಹರಣೆಯಿಲ್ಲ. ಎಲ್ಲರಿಗೂ ಬರುವುದನ್ನು ಹೇಳಿಕೊಂಡು ಮರ್ಯಾದೆ ಗಿಟ್ಟಿಸುವುದು ಹೇಗೆ?

ಮೊದಮೊದಲು ನಾನು ಇದನ್ನು ದೇಹದ ವಿಷಯವೆಂದೇ ಒಪ್ಪಿರಲಿಲ್ಲ, ಮುದ್ರಣದ ವಿಷಯವೆಂದುಕೊಂಡಿದ್ದೆ. ಕಾಗದದ ಬೆಲೆ ಏರಿದೆ, ಅದಕ್ಕೇ ಪತ್ರಿಕೆಯವರು ಅಕ್ಷರ ಕಿರಿದು ಮಾಡಿದ್ದಾರೆ ಎಂದು ಗಟ್ಟಿಯಾಗಿ ನಂಬಿದ್ದೆ. ಸಂಪಾದಕರಿಗೆ ಖಾರವಾದ ಪತ್ರವನ್ನೂ ಬರೆದೆ. ಅಂಚೆಗೆ ಹಾಕುವ ಮುನ್ನ ಒಮ್ಮೆ ಓದೋಣವೆಂದರೆ ನನ್ನ ಅಕ್ಷರ ನನಗೇ ಹತ್ತಲಿಲ್ಲ, ಹರಿದು ಹಾಕಿದೆ. ಮಾತ್ರೆಯ ಪಟ್ಟಿಯ ಮೇಲಿನ ತಾರೀಖಂತೂ ಔಷಧಿ ತಯಾರಿಸುವವರು ಮತ್ತು ಇರುವೆಗಳ ನಡುವಿನ ಖಾಸಗಿ ವ್ಯವಹಾರವೆಂದು ಬಿಟ್ಟುಬಿಟ್ಟಿದ್ದೆ.

ಆದರೆ ಒಂದು ವಿಚಿತ್ರ. ಮಧ್ಯಾಹ್ನ ಜಗಲಿಯಲ್ಲಿ ಕೂತರೆ ಅದೇ ಪತ್ರಿಕೆ ಸಲೀಸಾಗಿ ಓದಿಸಿಕೊಳ್ಳುತ್ತಿತ್ತು. ಬಿಸಿಲಿಗೆ ಪಾಪೆಯ ಕಿಂಡಿ ಕಿರಿದಾಗುತ್ತದಂತೆ. ಕಿಂಡಿ ಕಿರಿದಾದಷ್ಟೂ ಮಸುಕು ಕಡಿಮೆ. ಮುಷ್ಟಿ ಹಿಡಿದು ಅದರಲ್ಲೊಂದು ಸಣ್ಣ ತೂತು ಬಿಟ್ಟು ನೋಡಿ, ಚಾಳೀಸಿನ ಕಣ್ಣಿಗೂ ಅಕ್ಷರ ತಿಳಿಯಾಗುತ್ತದೆ. ನನಗೆ ಆಗ ಈ ಶಾಸ್ತ್ರವೆಲ್ಲ ಗೊತ್ತಿರಲಿಲ್ಲ. ಬೆಳಿಗ್ಗೆ ಪೂರ್ವದ ಕಿಟಕಿ, ಮಧ್ಯಾಹ್ನ ಜಗಲಿ, ಸಂಜೆ ಹಿತ್ತಿಲು ಎಂದು ನೆಲೆ ಬದಲಿಸುತ್ತಿದ್ದೆ. ‘ಸೂರ್ಯನ ಹಿಂದೆ ಕುರ್ಚಿ ಎಳ್ಕೊಂಡು ತಿರುಗ್ತೀರಲ್ಲ, ಒಂದ್ಸಲ ಕಣ್ಣು ತೋರಿಸಬಾರದೇನ್ರೀ?’ ಎಂದು ಹೆಂಡತಿ ಕೇಳಿದಾಗ, ವಿಟಮಿನ್ ಡಿ ಎಂದು ಹೇಳಿ ತಪ್ಪಿಸಿಕೊಂಡಿದ್ದೆ.

ತಪ್ಪಿಸಿಕೊಳ್ಳಲಾಗದ ದಿನವೂ ಬಂತು. ನಾನು ಓದಿದ ಶಾಲೆಯ ವಾರ್ಷಿಕೋತ್ಸವ. ವಂದನಾರ್ಪಣೆ ನನ್ನ ಪಾಲಿಗೆ. ವಂದನಾರ್ಪಣೆಯೆಂದರೆ ಎಲ್ಲರೂ ಚಪ್ಪಲಿ ಹುಡುಕುವ ಹೊತ್ತು, ಯಾರು ಕೇಳುತ್ತಾರೆ ಎಂಬ ಭರವಸೆಯಿಂದಲೇ ಒಪ್ಪಿಕೊಂಡಿದ್ದೆ. ಆದರೆ ದಾನಿಗಳ ಪಟ್ಟಿ ಇರುವಲ್ಲಿ ಯಾರೂ ಚಪ್ಪಲಿ ಹುಡುಕುವುದಿಲ್ಲವೆಂಬುದು ತಿಳಿದಿರಲಿಲ್ಲ. ನಾಟಕಕ್ಕೆಂದು ವೇದಿಕೆಯ ದೀಪ ಆಗಲೇ ತಗ್ಗಿಸಿದ್ದರು. ಒಂದು ಕೈಯಲ್ಲಿ ಮೈಕು, ಇನ್ನೊಂದು ಕೈಯಲ್ಲಿ ಚೀಟಿ. ಚೀಟಿಯನ್ನು ಮುಂದೆ ಸರಿಸಿದೆ, ಇನ್ನೂ ಸರಿಸಿದೆ. ಕಡೆಗೆ ಅದು ಮುಂದಿನ ಸಾಲಿನವರಿಗೆ ಓದಲು ಅನುಕೂಲವಾಗುವಷ್ಟು ದೂರ ಹೋಯಿತು. ‘ದನಸಹಾಯ ಮಾಡಿದ ಮಹನೀಯರು’ ಎಂದು ಶುರು ಮಾಡಿದೆ. ಪುಣ್ಯಕ್ಕೆ ನಮ್ಮೂರಲ್ಲಿ ಮಹಾಪ್ರಾಣವನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ, ಹಸು ಕೊಟ್ಟವರು ಯಾರಪ್ಪಾ ಎಂದು ಯಾರೂ ಕೇಳಲಿಲ್ಲ. ಆದರೆ ಸೊನ್ನೆಯ ವಿಷಯದಲ್ಲಿ ಜನ ಅಷ್ಟು ಉದಾರಿಗಳಲ್ಲ. 5,000 ಕೊಟ್ಟವರನ್ನು ನಾನು 500ಕ್ಕೆ ಇಳಿಸಿದಾಗ ಅವರು ಎದ್ದು ನಿಂತರು. ಪಕ್ಕದಲ್ಲಿದ್ದ ಅವರ ಹೆಂಡತಿಯೂ ಎದ್ದು ನಿಂತರು, ಅವರಿಗೆ ಬೇರೆಯೇ ಅನುಮಾನ: ಮನೆಯಲ್ಲಿ ಐದು ಸಾವಿರವೆಂದು ಹೇಳಿ ಈಯಪ್ಪ ಕೊಟ್ಟದ್ದು ಐನೂರೇ?

ಕನ್ನಡದವರಿಗೆ ಚಾಳೀಸು ಒಂದು ಕೈ ಹೆಚ್ಚೇ ಎಂಬುದು ನನ್ನ ವಾದ. ಇಂಗ್ಲಿಷಿನ ಅಕ್ಷರಗಳು ಒಂದು ಸಾಲಿನಲ್ಲಿ ಮರ್ಯಾದೆಯಾಗಿ ನಿಲ್ಲುತ್ತವೆ. ನಮ್ಮದರಲ್ಲಿ ಅರ್ಧ ವ್ಯವಹಾರ ಸಾಲಿನ ಕೆಳಗೆ. ‘ರಾಷ್ಟ್ರ’ದ ಷಕಾರದ ಕೆಳಗೆ ಟಕಾರ, ಅದರ ಮಗ್ಗುಲಿಗೆ ರಕಾರ, ಇಷ್ಟನ್ನೂ ಎಳ್ಳುಕಾಳಿನಷ್ಟು ಜಾಗದಲ್ಲಿ ಒತ್ತೊತ್ತಾಗಿ ಇಟ್ಟಿರುತ್ತಾರೆ. ದಕಾರಕ್ಕೂ ಧಕಾರಕ್ಕೂ ಇರುವ ಭೇದ ಕೆಳಗಿನ ಒಂದು ಸೀಳು. ಪಕಾರದ ಹೊಟ್ಟೆಯಲ್ಲೊಂದು ಗೆರೆ ಕಂಡರೆ ಷಕಾರ, ಕಾಣದಿದ್ದರೆ ದೇವರೇ ಗತಿ. ಪಂಚಾಂಗದಲ್ಲಿ ತಿಥಿ, ನಕ್ಷತ್ರ, ಯೋಗ, ಕರಣಗಳನ್ನೆಲ್ಲ ಒಂದೇ ಸಾಲಿಗೆ ತುರುಕಿದವರ ವಯಸ್ಸು ಇಪ್ಪತ್ತೈದು ದಾಟಿರಲಾರದು. ರಾಹುಕಾಲ ತಪ್ಪಿಸಲು ಹೋಗಿ ಅದರಲ್ಲೇ ಹೊರಟವರು ನಮ್ಮ ಬಂಧುಗಳಲ್ಲಿ ಹಲವರಿದ್ದಾರೆ. ಅವರಿಗೇನೂ ಆಗಲಿಲ್ಲ ಅನ್ನುವುದು ಬೇರೆ ಮಾತು.

ಕಡೆಗೆ ಕಣ್ಣಿನ ಡಾಕ್ಟರ ಮುಂದೆ ಕೂತೆ. ಅವರು ಎಷ್ಟೋ ಸಾವಿರ ಸಲ ಹೇಳಿದ್ದನ್ನು ನನಗೂ ಹೇಳಿದರು. ಕಣ್ಣಿನೊಳಗೆ ಮಸೂರ, ಅದರ ಸುತ್ತ ಒಂದು ಸ್ನಾಯು. ದೂರ ನೋಡುವಾಗ ಸ್ನಾಯು ಸಡಿಲ, ಮಸೂರ ಚಪ್ಪಟೆ. ಹತ್ತಿರದ್ದನ್ನು ನೋಡಬೇಕಾದಾಗ ಸ್ನಾಯು ಬಿಗಿಯಾಗಿ ಮಸೂರ ಉಬ್ಬುತ್ತದೆ. ತಮಾಷೆಯೆಂದರೆ ಈ ಮಸೂರ ಬದುಕಿರುವಷ್ಟು ಕಾಲವೂ ಬೆಳೆಯುತ್ತಲೇ ಇರುತ್ತದೆ. ಹೊಸ ಪದರ ಹೊರಗೆ ಸೇರುತ್ತದೆ, ಹಳೆಯದು ಒಳಗೆ ಒತ್ತಿಕೊಂಡು ಗಟ್ಟಿಯಾಗುತ್ತದೆ. ಮಕ್ಕಳದ್ದು ಹೋಳಿಗೆಗೆಂದು ಎಣ್ಣೆ ಹಾಕಿ ಚೆನ್ನಾಗಿ ನಾದಿಟ್ಟ ಕಣಕ, ಎಳೆದತ್ತ ಬರುತ್ತದೆ. ನನ್ನದು ರಾತ್ರಿಯಿಡೀ ಮುಚ್ಚಳವಿಲ್ಲದೆ ಬಿಟ್ಟ ಕಣಕ. ಸ್ನಾಯು ಬೇಚಾರಾ ಇನ್ನೂ ಎಳೆಯುತ್ತಲೇ ಇದೆ, ಮಸೂರ ಮಾತ್ರ ಮಿಸುಕುವುದಿಲ್ಲ. ಇಷ್ಟು ಕಂಡುಹಿಡಿಯಲು ಇಂಗ್ಲೆಂಡಿನ ಥಾಮಸ್ ಯಂಗ್ ತನ್ನದೇ ಕಣ್ಣನ್ನು ನೀರಿಗೆ ಒಡ್ಡಿ ಪ್ರಯೋಗ ಮಾಡಿದ್ದ. ಕಣ್ಣಿನ ಹೊರಪರೆಯ ಬಲ ನೀರಿನಲ್ಲಿ ನಡೆಯುವುದಿಲ್ಲ. ಆದರೂ ಹತ್ತಿರಕ್ಕೂ ದೂರಕ್ಕೂ ಹೊಂದಿಸಿಕೊಳ್ಳಲು ಆಗುತ್ತಿತ್ತು, ಹಾಗಾಗಿ ಕೆಲಸ ಒಳಗಿನ ಮಸೂರದ್ದೇ ಎಂದು 1801ರಲ್ಲಿ ಸಾರಿದ. ಆಗ ಅವನಿಗೆ ಮೂವತ್ತೂ ತುಂಬಿರಲಿಲ್ಲ. ನಲವತ್ತಾದ ಮೇಲೆ ಕೈಹಾಕಿದ್ದರೆ ಅವನಿಗೇ ಪ್ರಯೋಗ ಕೈಕೊಡುತ್ತಿತ್ತು.

ಡಾಕ್ಟರು ಹೇಳಿದ ಇನ್ನೊಂದು ಲೆಕ್ಕ ನನ್ನನ್ನು ನಿಜವಾಗಿ ಕಂಗೆಡಿಸಿತು. ಹತ್ತು ವರ್ಷದ ಮಗು ಕಣ್ಣಿನಿಂದ 7–8 ಸೆಂಟಿಮೀಟರಿನಷ್ಟು ಹತ್ತಿರ ಹಿಡಿದದ್ದನ್ನೂ ಸ್ಪಷ್ಟವಾಗಿ ನೋಡುತ್ತದೆ. ಇಪ್ಪತ್ತರ ಹೊತ್ತಿಗೆ ಅದು 10 ಸೆಂಟಿಮೀಟರಿಗೆ ಬರುತ್ತದೆ, ನಲವತ್ತಕ್ಕೆ 20 ದಾಟುತ್ತದೆ. ಅಂದರೆ ಈ ಸೋರಿಕೆ ಚಾಳೀಸಿನಲ್ಲಿ ಆರಂಭವಾದದ್ದಲ್ಲ. ನಾನು ಹೈಸ್ಕೂಲಿನ ಹಿಂದಿನ ಬೆಂಚಿನಲ್ಲಿ ಕೂತು ಪಕ್ಕದವನ ಉತ್ತರಪತ್ರಿಕೆಯನ್ನು ನಿರಾಯಾಸವಾಗಿ ಓದುತ್ತಿದ್ದ ಕಾಲದಲ್ಲೇ ಅದು ನಡೆದಿತ್ತು. ಪುಸ್ತಕವನ್ನು ನಾವು ಹಿಡಿಯುವುದು ಮೊಳದಷ್ಟು ದೂರಕ್ಕೆ. ಅಲ್ಲಿಯವರೆಗೆ ಏನೇ ಕಳೆದುಹೋದರೂ ಗೊತ್ತಾಗುವುದಿಲ್ಲ. ಎಲ್ಲ ಹೋಗಿ ಆ ಗಡಿಯನ್ನು ಮುಟ್ಟಿದ ದಿನ ‘ಅರೆ, ಕಣ್ಣಿಗೇನಾಯಿತು’ ಅನ್ನುತ್ತೇವೆ. ನನ್ನ ತಂಗಿಯ ಮಗ ‘ಮಾಮಾ, ಇದು ನೋಡು’ ಎಂದು ಮೊಬೈಲನ್ನು ಮೂಗಿಗೇ ತಂದು ಒತ್ತುವುದೇಕೆಂದು ಈಗ ತಿಳಿಯಿತು. ಅವನ ಲೋಕದಲ್ಲಿ ಅದು ನೋಡುವ ದೂರವೇ.

ನಮ್ಮ ಹಿರಿಯರ ಪಾಡು ನೆನೆದರೆ ಅಯ್ಯೋ ಅನಿಸುತ್ತದೆ. ತಾಳೆಗರಿಯ ಮೇಲೆ ಕಂಟದಿಂದ ಕೊರೆದ ಅಕ್ಷರ, ಎಣ್ಣೆಯ ದೀಪ, ಮೇಲೆ ಚಾಳೀಸು. ಪಂಡಿತನಿಗೆ ಪಾಂಡಿತ್ಯ ಕೈಗೆ ಹತ್ತುವ ವಯಸ್ಸಿಗೆ ಸರಿಯಾಗಿ ಗ್ರಂಥ ಕಣ್ಣಿಗೆ ಹತ್ತದಂತಾಗುತ್ತಿತ್ತು. ನಮ್ಮಲ್ಲಿ ಎಲ್ಲವನ್ನೂ ಕಂಠಪಾಠ ಮಾಡಿಸುತ್ತಿದ್ದುದರ ಹಿಂದೆ ಚಾಳೀಸಿನ ಕೈವಾಡವೂ ಇತ್ತೆಂದು ನನ್ನ ಗುಮಾನಿ. ಇಟಲಿಯಲ್ಲಿ 1286ರ ಸುಮಾರಿಗೆ ಕನ್ನಡಕ ಹುಟ್ಟಿದರೂ ಅದು ನಮ್ಮ ಕಡೆ ತಲುಪಲು ಇನ್ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ತಲುಪಿದ್ದೂ ಎಂಥವರ ಮೂಗಿಗೆ! ಕೃಷ್ಣದೇವರಾಯನ ಕಾಲದಲ್ಲಿ ವ್ಯಾಸತೀರ್ಥರು ಕನ್ನಡಕ ಧರಿಸಿ ಗ್ರಂಥ ಓದುತ್ತಿದ್ದ ವರ್ಣನೆ ಸೋಮನಾಥ ಕವಿಯ ‘ವ್ಯಾಸಯೋಗಿಚರಿತ’ದಲ್ಲಿದೆ. ನಮ್ಮ ದೇಶದಲ್ಲಿ ಕನ್ನಡಕದ ಮಾತು ಬರುವ ಅತಿ ಹಳೆಯ ಬರಹಗಳಲ್ಲಿ ಅದೊಂದು. ಪೋರ್ಚುಗೀಸರು ಆಗಷ್ಟೇ ಗೋವೆಯಲ್ಲಿ ಬೇರೂರಿದ್ದರು. ಕುದುರೆಗಳ ಜೊತೆಗೆ ಇದೂ ಹಂಪೆಗೆ ಬಂದಿರಬಹುದು. ಸಂಸಾರ ಬಿಟ್ಟ ಯತಿಗಳನ್ನೂ ಚಾಳೀಸು ಬಿಡಲಿಲ್ಲವೆಂದ ಮೇಲೆ ನನ್ನಂಥ ಸಂಸಾರಸ್ಥ ಸಂಕೋಚಪಡುವುದೇಕೆ ಎಂದು ಒಂದಿಷ್ಟು ಬಲ ಬಂತು.

ಈ ನಡುವೆ ಒಮ್ಮೆ ಆಸೆ ಚಿಗುರಿತ್ತು. 2024ರಲ್ಲಿ, ಒಂದು ತೊಟ್ಟು ಹಾಕಿಕೊಂಡರೆ ಕನ್ನಡಕವೇ ಬೇಡವೆಂಬ ಕಣ್ಣಿನ ಹನಿಗೆ ದೇಶದ ಔಷಧ ನಿಯಂತ್ರಕರು ಅನುಮತಿ ಕೊಟ್ಟ ಸುದ್ದಿ ನಮ್ಮ ಬಂಧುಗಳ ವಾಟ್ಸಾಪಿನಲ್ಲಿ ನೂರು ನಮಸ್ಕಾರಗಳೊಡನೆ ಸುತ್ತಿತು. ಆ ಮದ್ದಿನ ಕೆಲಸವೂ ಬಿಸಿಲಿನದ್ದೇ, ಪಾಪೆಯನ್ನು ಕಿರಿದು ಮಾಡುವುದು. ಅದೂ ಕೆಲವು ಗಂಟೆ ಮಾತ್ರ. ಆದರೆ ತಯಾರಕರ ಪ್ರಚಾರ ಅನುಮತಿಯ ಮೇರೆ ಮೀರಿತೆಂದು ಸೆಪ್ಟೆಂಬರಿನಲ್ಲಿ ಅದನ್ನು ಅಮಾನತಿನಲ್ಲಿಟ್ಟರು. ನಾನು ಮತ್ತೆ ಜಗಲಿಗೆ ಬಂದೆ.

ಕಡೆಗೂ ಕನ್ನಡಕ ಬಂತು. ರಸ್ತೆಬದಿಯ ಸಿದ್ಧ ಕನ್ನಡಕ ಸಾಲದೇ ಎಂದು ಕೇಳಿದ್ದಕ್ಕೆ ಡಾಕ್ಟರು, ನಲವತ್ತು ದಾಟಿದವರು ಕಣ್ಣಿನ ಒತ್ತಡವನ್ನೂ ನೋಡಿಸಿಕೊಳ್ಳಬೇಕು, ಗ್ಲಾಕೋಮಾ ಹೇಳಿ ಬರುವುದಿಲ್ಲ ಎಂದು ಗದರಿದರು. ಅಲ್ಲೂ ಏನೂ ಇಲ್ಲವೆಂದು ತಿಳಿದು ಸಮಾಧಾನವಾಯಿತು; ಮದುವೆಮನೆಯಲ್ಲಿ ಹೇಳಿಕೊಳ್ಳಲು ಮತ್ತೆ ಏನೂ ಉಳಿಯಲಿಲ್ಲ. ನಾನು ಆರಿಸಿಕೊಂಡದ್ದು ಮೇಲೆ ದೂರಕ್ಕೆ, ಕೆಳಗೆ ಹತ್ತಿರಕ್ಕೆ ಇರುವ ಬೈಫೋಕಲ್. ಅದನ್ನು ರೂಢಿಗೆ ತಂದವರಲ್ಲಿ ಮೊದಲಿಗ ಬೆಂಜಮಿನ್ ಫ್ರಾಂಕ್ಲಿನ್. ಪ್ಯಾರಿಸಿನಲ್ಲಿದ್ದಾಗ 1785ರಲ್ಲಿ ಗೆಳೆಯನಿಗೆ ಬರೆದ ಪತ್ರದಲ್ಲಿ ಅದರ ಲಾಭ ಹೇಳಿದ್ದಾನೆ: ತಟ್ಟೆಯಲ್ಲಿರುವುದೂ ಕಾಣುತ್ತದೆ, ಎದುರು ಕೂತವರ ಮುಖವೂ ಕಾಣುತ್ತದೆ, ಮುಖ ಕಂಡರೆ ಅವರ ಫ್ರೆಂಚೂ ಅರ್ಥವಾಗುತ್ತದೆ. ಆಗ ಅವನಿಗೆ ಎಪ್ಪತ್ತೊಂಬತ್ತು. ಪಂಕ್ತಿಯಲ್ಲಿ ಕೂತು ಎಲೆಯನ್ನೂ ನೋಡುತ್ತಾ ದೂರದಲ್ಲಿ ಹೋಳಿಗೆಯ ಬುಟ್ಟಿ ಯಾವ ಸಾಲಿಗೆ ತಿರುಗಿತು ಎಂಬುದನ್ನೂ ಗಮನಿಸಬೇಕಾದವರಿಗೆ ಇದಕ್ಕಿಂತ ಒಳ್ಳೆಯ ಸಾಧನವಿಲ್ಲ. ಮೆಟ್ಟಿಲು ಇಳಿಯುವಾಗ ಮಾತ್ರ ನೆಲ ತಾನಾಗಿ ಮೇಲೆದ್ದು ಬರುತ್ತದೆ, ಗೋಡೆ ಹಿಡಿದುಕೊಳ್ಳಿ.

ಮನೆಯಲ್ಲಿ ಮೊದಲ ದಿನದ ಊಟಕ್ಕೆ ಅದನ್ನು ಹಾಕಿಕೊಂಡೇ ಕೂತೆ. ಸಾರಿನಲ್ಲಿ ಒಂದು ಕಪ್ಪು ಚುಕ್ಕೆ ತೇಲುತ್ತಿತ್ತು. ಸಾಸಿವೆಯೋ, ಸಾಸಿವೆಗೆ ಕಾಲು ಬಂದದ್ದೋ ಎಂದು ಬಗ್ಗಿ ನೋಡಿದೆ. ಚಮಚದಿಂದ ಎತ್ತಿ ದೀಪಕ್ಕೆ ಹಿಡಿದೆ. ಎದುರಿನ ಮುಖವೂ ಅಷ್ಟೇ ಸ್ಪಷ್ಟವಾಗಿ ಕಾಣುತ್ತಿತ್ತು.

‘ಫ್ರಾಂಕ್ಲಿನ್ ಕೂಡ ಊಟಕ್ಕೆ ಕನ್ನಡಕ ಹಾಕ್ಕೊಳ್ತಿದ್ದನಂತೆ ಕಣೇ’ ಅಂದೆ.

‘ಅವರ ಮನೇಲಿ ಹಾಕ್ಕೊಂಡಿರ್ಲಿ’ ಅಂದಳು. ‘ಇಷ್ಟು ದಿನ ಕಾಣ್ದೆ ತಿಂದಿದ್ದೇನೂ ಮೈಗೆ ಹತ್ಲಿಲ್ವಾ? ತೆಗೆದಿಟ್ಟು ಊಟ ಮಾಡಿ.’