ಮಿರರ್‌ಲೆಸ್ ಭಾವ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ಯಾವ ಮದುವೆಮನೆಗೆ ಹೋದರೂ ಊಟದ ಪಂಕ್ತಿಯಲ್ಲಿ ಒಬ್ಬ ಕಾಣುತ್ತಾನೆ. ತೊಡೆಯ ಮೇಲಿನ ಸಣ್ಣ ಚೀಲದಿಂದ ಎಡಗೈ ಎತ್ತದೆ ಉಣ್ಣುತ್ತಾನೆ. ಪಾಯಸ ಬಂದರೂ ಎತ್ತುವುದಿಲ್ಲ, ಹೋಳಿಗೆ ಬಂದರೂ ಎತ್ತುವುದಿಲ್ಲ. ನಲವತ್ತೈದರ ಆಸುಪಾಸು, ಎರಡೆಕರೆ ಅಡಕೆ ತೋಟ, ಜೊತೆಗೆ ಸೊಸೈಟಿಯ ನೌಕರಿಯೋ ಮೇಷ್ಟರ ಕೆಲಸವೋ ಒಂದು. ಯಾರೋ ಒಬ್ಬರಿಗೆ ಖಾಸಾ ಭಾವ. ಹಾಗಾಗಿ ಊರಿಗೆಲ್ಲ ಕ್ಯಾಮೆರಾ ಭಾವ. ಹಿಂದೆ ಇವನ ಹೆಗಲಲ್ಲಿ ಇಟ್ಟಿಗೆಯಂಥ ಡಿಎಸ್‌ಎಲ್‌ಆರ್ ಇತ್ತು, ಈಗ ಮಿರರ್‌ಲೆಸ್ ಇದೆ. ಕ್ಯಾಮೆರಾ ಚಿಕ್ಕದಾಯಿತು, ಮಾತು ದೊಡ್ಡದಾಯಿತು. ಇಂಥ ಕ್ಯಾಮೆರಾದ ಗುಣದೋಷ ತಿಳಿಯಲು ಕಂಪನಿಯ ಕೈಪಿಡಿ ಓದುವುದಕ್ಕಿಂತ ಭಾವನನ್ನು ನೋಡುವುದು ಮೇಲು ಎಂಬುದು ನನ್ನ ವಾದ. ಏಕೆಂದರೆ ಅದರ ಮುಖ್ಯ ಗುಣ ಸಣ್ಣತನ (ಸಣ್ಣತನವೂ ಗುಣವೆನಿಸುವುದು ಲೋಕದಲ್ಲಿ ಇದೊಂದಕ್ಕೇ ಇರಬೇಕು). ಆ ಗುಣವನ್ನು ಕೆಡಿಸುವುದು ಹೆಚ್ಚಾಗಿ ಕಂಪನಿಯೂ ಅಲ್ಲ, ಮಳೆಯೂ ಅಲ್ಲ, ಸ್ವತಃ ಭಾವ.

ಸಣ್ಣದಾದದ್ದು ಹೇಗೆಂಬುದನ್ನು ಅವನು ಕವಳದ ತಟ್ಟೆಯನ್ನೇ ಸೆನ್ಸರ್ ಮಾಡಿಕೊಂಡು ವಿವರಿಸುತ್ತಾನೆ. ಹಳೆಯ ಕ್ಯಾಮೆರಾದಲ್ಲಿ ಲೆನ್ಸಿನಿಂದ ಬಂದ ಬೆಳಕನ್ನು ಕನ್ನಡಿಯೊಂದು ಮೇಲಕ್ಕೆ ತಿರುಗಿಸಿ ಕಣ್ಣಿಗೆ ಮುಟ್ಟಿಸುತ್ತಿತ್ತು. ಗುಂಡಿ ಒತ್ತಿದಾಗ ಎದ್ದು ದಾರಿ ಬಿಡುತ್ತಿತ್ತು. 2008ರಲ್ಲಿ ಪ್ಯಾನಸಾನಿಕ್ ಜಿ1 ಆ ಕನ್ನಡಿಯನ್ನೇ ತೆಗೆದುಹಾಕಿತು. ಕನ್ನಡಿ ಹೋದ ಮೇಲೆ ಅದು ಎದ್ದುಕೂರಲು ಬೇಕಿದ್ದ ಜಾಗವೂ ಬೇಡವಾಯಿತು: ನಿಕಾನ್ ಡಿಎಸ್‌ಎಲ್‌ಆರ್‌ನಲ್ಲಿ ಲೆನ್ಸ್ ಕೂರುವ ಜಾಗಕ್ಕೂ ಸೆನ್ಸರಿಗೂ 46.5 ಮಿ.ಮೀ. ಅಂತರವಿದ್ದರೆ ಸೋನಿಯ ಮಿರರ್‌ಲೆಸ್‌ನಲ್ಲಿ ಅದು ಬರೀ 18 ಮಿ.ಮೀ. ತೂಕವೂ ಇಳಿಯಿತು. ಕ್ಯಾನನ್ 80ಡಿ ಬ್ಯಾಟರಿ ಸಮೇತ 730 ಗ್ರಾಂ, ಭಾವನ ಸೋನಿ ಎ6400 ಬರೀ 403 ಗ್ರಾಂ. ಉಳಿದ ಮುನ್ನೂರು ಚಿಲ್ಲರೆ ಗ್ರಾಮಿನಿಂದ ಏನಾಗುತ್ತದೆ ಎಂದು ಕೇಳುವವರು ಉಂಚಳ್ಳಿ ಜಲಪಾತದ ಮೆಟ್ಟಿಲು ಹತ್ತಿ ಬರಬೇಕು. ಇಳಿಯುವಾಗ ಎಲ್ಲ ಕ್ಯಾಮೆರಾಗಳೂ ಹಗುರವೇ.

ತೂಕಕ್ಕಿಂತ ದೊಡ್ಡ ಲಾಭ ಮಿರರ್‌ಲೆಸ್‌ನಲ್ಲಿ ಕಣ್ಣಿಟ್ಟು ನೋಡುವ ಕಿರುಕಿಂಡಿಯಲ್ಲಿದೆ. ಅಲ್ಲಿ ಕಾಣುವುದು ಲೋಕವಲ್ಲ, ಲೋಕದ ಚಿತ್ರ. ಗುಂಡಿ ಒತ್ತುವ ಮೊದಲೇ ಫಲಿತಾಂಶ ಕಣ್ಣೆದುರಿಗಿರುತ್ತದೆ. ಬಡಗುತಿಟ್ಟಿನ ಯಕ್ಷಗಾನದ ಆಟದಲ್ಲಿ ಕಿರೀಟದ ಹೊಳಪಿಗೆ ಮರುಳಾಗಿ ವೇಷದ ಮುಖವನ್ನು ಕಪ್ಪಾಗಿಸುವುದು, ಮುಖ ಸರಿಯಾಗಲೆಂದು ಕಿರೀಟವನ್ನು ಬೆಳ್ಳಗೆ ಸುಡುವುದು, ಇವೆರಡೂ ಕಡಿಮೆಯಾದವು. ಆದರೆ ಭಾವ ಹೊಗಳುವುದು ಇದನ್ನಲ್ಲ. ಅವನಿಗೆ ಹೆಮ್ಮೆ ಸದ್ದಿಲ್ಲದ ಶಟರ್. ಮೂರಡಿ ದೂರದಲ್ಲಿ ಚಂಡೆ ಹಾರಿಬೀಳುವಂತೆ ಬಾರಿಸುತ್ತಿರುವಾಗ ಇವನ ಕ್ಯಾಮೆರಾದ 'ಕ್ಲಿಕ್' ಯಾರ ರಸಭಂಗ ಮಾಡುತ್ತದೆಂದು ಅದನ್ನು ಒತ್ತಿಹಿಡಿದಿದ್ದಾನೋ ತಿಳಿಯದು. ಸದ್ದಿಲ್ಲದ ಶಟರ್ ಸೆನ್ಸರನ್ನು ಸಾಲು ಸಾಲಾಗಿ ಓದುತ್ತದೆ. ಅಷ್ಟರಲ್ಲಿ ದಿಗಿಣ ಹೊಡೆಯುವ ಕಾಲು ಒಂದಿಷ್ಟು ಮುಂದೆ ಹೋಗಿರುತ್ತದೆ, ಚಿತ್ರದಲ್ಲಿ ಓರೆಯಾಗುತ್ತದೆ. ರಂಗಸ್ಥಳದ ಎಲ್‌ಇಡಿ ದೀಪಗಳು ಕಣ್ಣಿಗೆ ಕಾಣದಂತೆ ಮಿಟುಕುತ್ತಿದ್ದರೆ ಅರ್ಜುನನ ಎದೆಯ ಮೇಲೆ ಪಟ್ಟೆ ಪಟ್ಟೆ ಬರುತ್ತದೆ. ಅದೇ ಸದ್ದಿಲ್ಲದ ಗುಣ ತಾಳಮದ್ದಲೆಗೆ ಹೇಳಿ ಮಾಡಿಸಿದ್ದು. ಅರ್ಥಧಾರಿ ಕೂತಲ್ಲೇ ಕೂತಿರುತ್ತಾನೆ, ಸಭೆ ಮಾತಿಗೆ ಕಿವಿಗೊಟ್ಟಿರುತ್ತದೆ, ಅಲ್ಲಿ ಸದ್ದು ಮಾಡದಿರುವುದು ಮರ್ಯಾದೆ. ಭಾವ ತಾಳಮದ್ದಲೆಗೆ ಕ್ಯಾಮೆರಾ ಒಯ್ಯುವುದಿಲ್ಲ. ಅಲ್ಲಿ ಬಣ್ಣ ಇರುವುದಿಲ್ಲವಂತೆ.

ಇದೆಲ್ಲ ಮೊಬೈಲಿನಲ್ಲೇ ಆಗುತ್ತದಲ್ಲ ಎಂಬುದು ದೊಡ್ಡ ಆಕ್ಷೇಪ. ಅದನ್ನು ಎತ್ತುವುದು ಹೆಚ್ಚಾಗಿ ಅಳಿಯಂದಿರು. ಬನವಾಸಿಯ ಮಧುಕೇಶ್ವರ, ಸಹಸ್ರಲಿಂಗದ ಬಂಡೆಗಳು, ಜಗುಲಿಯ ಮೇಲಿನ ಅಜ್ಜಿ, ಇವರ್ಯಾರೂ ಓಡಿಹೋಗುವವರಲ್ಲ. ಹಗಲಿನಲ್ಲಿ ಮೊಬೈಲೇ ಸಾಕು, ಅಳಿಯನ ಮಾತು ನಿಜ. ಆದರೆ ನಡುರಾತ್ರಿ ಎರಡರ ಆಟಕ್ಕೆ ಅದು ಸೋಲುತ್ತದೆ. ಮೊಬೈಲು ಕತ್ತಲಲ್ಲಿ ಹಲವು ಚಿತ್ರ ತೆಗೆದು ಒಂದರ ಮೇಲೊಂದು ಹೊಂದಿಸುತ್ತದೆ, ಕುಣಿಯುವ ವೇಷ ಹೊಂದಿಕೆಗೆ ಸಿಗುವುದಿಲ್ಲ. ಈ ಕ್ಯಾಮೆರಾದ ಸೆನ್ಸರು ಅತಿ ದೊಡ್ಡ ಸೆನ್ಸರಿನ ಮೊಬೈಲಿಗಿಂತಲೂ ಸುಮಾರು ಮೂರು ಪಟ್ಟು ಹರವಾದದ್ದು. ಒಂದೇ ಏಟಿಗೆ ಬೇಕಾದಷ್ಟು ಬೆಳಕು ಹಿಡಿಯುತ್ತದೆ. ದುಃಖದ ಸಂಗತಿಯೆಂದರೆ ಭಾವನ ಈ ವಾದ ಗೆಲ್ಲುವುದಿಲ್ಲ. ಅಳಿಯನ ಪಟ್ಟೆಪಟ್ಟೆ ಚಿತ್ರ ಆಗಲೇ ಕುಟುಂಬದ ವಾಟ್ಸಾಪಿಗೆ ಹೋಗಿ ಮೂವತ್ತು ಹೆಬ್ಬೆರಳು ಗಳಿಸಿರುತ್ತದೆ. ಭಾವನ ಚಿತ್ರ ಕಂಪ್ಯೂಟರಿನಲ್ಲಿ ಹದಗೊಂಡು ಹೊರಬರುವಷ್ಟರಲ್ಲಿ ಮದುಮಕ್ಕಳ ಮಗುವಿಗೆ ನಾಮಕರಣ. ಮದುವೆಮನೆಯಲ್ಲೂ ಸಣ್ಣತನದ ಬೆಲೆ ತೆರಬೇಕು: ಹಿರಿಯರೊಬ್ಬರು 'ತಮಾ, ಇದ್ರಲ್ಲಿ ಪೋಟೋ ಬತ್ತಾ?' ಎನ್ನುತ್ತಾರೆ, ವಿಡಿಯೋದವನು ಮೊಣಕೈಯಿಂದ ಪಕ್ಕಕ್ಕೆ ಸರಿಸುತ್ತಾನೆ. ದೊಡ್ಡ ಕ್ಯಾಮೆರಾ ಇದ್ದಾಗ ಅದೇ ವಿಡಿಯೋದವನು ಅಣ್ಣಾ ಎನ್ನುತ್ತಿದ್ದ.

ಇನ್ನು ದೋಷಗಳು. 80ಡಿ ಒಂದು ಬ್ಯಾಟರಿಗೆ 960 ಚಿತ್ರ ತೆಗೆದರೆ ಎ6400 ತೆಗೆಯುವುದು ಸುಮಾರು 400. ಸದಾ ಉರಿಯುವ ಪರದೆಗೆ ಅಷ್ಟು ದಂಡ ಕಟ್ಟಲೇಬೇಕು. ಭಾವ ಜೇಬಿನಲ್ಲಿ ಮೂರು ಬ್ಯಾಟರಿ ಇಟ್ಟುಕೊಳ್ಳುತ್ತಾನೆ, ಮಳೆಗಾಲದಲ್ಲಿ ಮೂರು ದಿನ ಕರೆಂಟು ಹೋದರೆ ಮೂರೂ ಖಾಲಿ. ಧೂಳಿನದು ಇನ್ನೊಂದು ಕಥೆ. ಲೆನ್ಸ್ ಕಳಚಿದರೆ ಸೆನ್ಸರಿಗೆ ಅಡ್ಡ ಕನ್ನಡಿಯಿಲ್ಲ, ಅಡಕೆ ಸುಲಿಯುವ ಅಂಗಳದಲ್ಲಿ ಬದಲಿಸಿದರೆ ಕೇಳುವುದೇ ಬೇಡ. ಜೇನುಕಲ್ಲು ಗುಡ್ಡದ ಸೂರ್ಯಾಸ್ತವನ್ನು ಎಫ್ 16ಕ್ಕೆ ಇಟ್ಟು ತೆಗೆದಾಗ ಆಕಾಶದಲ್ಲಿ ಮೂಡುವ ಬೂದು ಚುಕ್ಕೆಗಳನ್ನು ಭಾವ ಹದ್ದು ಎಂದೇ ಪರಿಚಯಿಸುತ್ತಾನೆ. ಮಾಗೋಡಿನಲ್ಲೂ ಅವೇ ಹದ್ದುಗಳು, ಅದೇ ಜಾಗದಲ್ಲಿ. ಆದರೆ ನಿಜವಾದ ಶತ್ರು ಬೂಷ್ಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಚಪ್ಪಲಿಗೂ ಬೆಲ್ಟಿಗೂ ಬರುವುದು ಲೆನ್ಸಿನ ಗಾಜಿಗೂ ಬರುತ್ತದೆ. ಅಡಕೆಗಾದರೆ ಕೊಳೆ ಔಷಧ ಹೊಡೆಯಬಹುದು, ಗಾಜಿಗೆ ಬೋರ್ಡೋ ಹೊಡೆಯಲು ಬರುವುದಿಲ್ಲ. ಇದು ಎಲ್ಲ ಕ್ಯಾಮೆರಾಕ್ಕೂ ಬರುವ ರೋಗವಲ್ಲವೇ ಎಂದರೆ ಹೌದು, ಮಿರರ್‌ಲೆಸ್‌ನ ತಲೆಗೆ ಕಟ್ಟುವುದು ತಪ್ಪು. ಗಾಳಿಯಾಡದ ಡಬ್ಬಿ, ಒಂದಿಷ್ಟು ಸಿಲಿಕಾ ಜೆಲ್, ವಾರಕ್ಕೊಮ್ಮೆ ಹೊರಗೆ ತೆಗೆದು ಬಳಸುವುದು, ಇಷ್ಟೇ ಮದ್ದು. ಸಣ್ಣ ಕ್ಯಾಮೆರಾಗೆ ಸಣ್ಣ ಡಬ್ಬಿ ಸಾಕು. ಇಲ್ಲೂ ಸಣ್ಣತನ ಗೆಲ್ಲುತ್ತದೆ.

ಗೆಲ್ಲಬೇಕಿತ್ತು. ಆದರೆ ಭಾವನಿಗೆ ಹಕ್ಕಿ ಹಿಡಿಯಿತು. ಸೋಂದೆಯ ಮುಂಡಿಗೆಕೆರೆಗೆ ಮಳೆಗಾಲದಲ್ಲಿ ಗೂಡು ಕಟ್ಟಲು ಬರುವ ಬೆಳ್ಳಕ್ಕಿಗಳು, ಆಮೇಲೆ ಸಿದ್ದಾಪುರದ ಕತ್ತಲೆಕಾನಿನ ಸಿಂಗಳೀಕ. ಹೆಸರಲ್ಲೇ ಕತ್ತಲೆಯಿರುವ ಕಾಡು, ಮರದ ತುದಿ ಬಿಟ್ಟಿಳಿಯದ ಕರಿ ಪ್ರಾಣಿ. ಕ್ಯಾಮೆರಾದ ಜೊತೆ ಬಂದ ಪುಟ್ಟ ಲೆನ್ಸಿಗೆ ಅದು ಎಲೆಯೋ ಮಂಗವೋ ಗೊತ್ತಾಗದು. ಹಾಗಾಗಿ 200-600ರ ಲೆನ್ಸ್ ಬಂತು. ಅದೊಂದೇ 2,115 ಗ್ರಾಂ, ಅಂದರೆ ಕ್ಯಾಮೆರಾದ ಐದು ಪಟ್ಟು. ದೇವರಿಗಿಂತ ಪಲ್ಲಕ್ಕಿ ಭಾರ. ಪಲ್ಲಕ್ಕಿ ಹಿಡಿಯಲು ಮೂರು ಕಾಲಿನ ಸ್ಟ್ಯಾಂಡ್ ಬಂತು, ಅಂಗೈಗೆ ಹಿಡಿ ಸಾಲದೆಂದು ಕ್ಯಾಮೆರಾಕ್ಕೊಂದು ಅಡಿಪಟ್ಟಿ ಬಂತು, ಎಲ್ಲಕ್ಕೂ ಸೇರಿ ಬೆನ್ನಿಗೆ ಚೀಲ ಬಂತು. ದೂರದ ಪ್ರಾಣಿಗೆ ಉದ್ದನೆಯ ಲೆನ್ಸ್ ಬೇಕೇಬೇಕೆಂಬುದು ಭೌತಶಾಸ್ತ್ರ. ಕನ್ನಡಿ ತೆಗೆದರೂ ಅದು ಕರಗುವುದಿಲ್ಲ, ಭಾವನನ್ನು ಇದಕ್ಕೆ ದೂರಲಾಗದು. ದೂರಬೇಕಾದದ್ದು ಅದೇ ಚೀಲವನ್ನು ಅವನು ಶಿರಸಿ ಮಾರಿಕಾಂಬಾ ಜಾತ್ರೆಗೂ ಹೊರುವುದನ್ನು. ಬಿಡಕಿ ಬೈಲಿನ ಆ ನೂಕುನುಗ್ಗಲಿನಲ್ಲಿ ಬಳೆಯಂಗಡಿಯ ಎದುರು ನಿಂತ ಮುದುಕಿಯ ಮುಖ ಎರಡಡಿ ದೂರದಲ್ಲಿರುತ್ತದೆ. ಬೊಗಸೆಯಲ್ಲಿ ಅಡಗುವ ಕ್ಯಾಮೆರಾ ಹುಟ್ಟಿದ್ದೇ ಅದಕ್ಕೆ. ಭಾವ ಆಗ ಚೀಲ ಇಳಿಸಲು ಜಾಗ ಹುಡುಕುತ್ತಿರುತ್ತಾನೆ.

ಈಗೀಗ ಹೆಗಲು ಮತ್ತೆ ನೋಯುತ್ತಿದೆ. ಲೆನ್ಸ್ ಬದಲಿಸಲಾಗದ, 257 ಗ್ರಾಮಿನ ರಿಕೋ ಜಿಆರ್ 3 ಎಂಬುದೊಂದರ ವಿಷಯ ಅವನು ಓದಿದ್ದಾನೆ. ಅಂಗಿಯ ಜೇಬಿಗೆ ಸೇರುತ್ತದಂತೆ. ಎಷ್ಟು ಕ್ವಿಂಟಲ್ ರಾಶಿ ಅಡಕೆಗೆ ಸಮವೆಂದು ಹಾಳೆಯ ಮೇಲೆ ಲೆಕ್ಕ ಹಾಕುತ್ತಿದ್ದರೆ, ಬಚ್ಚಲೊಲೆಗೆ ದರಕು ತುಂಬುತ್ತಿರುವ ಹೆಂಡತಿ ತಿರುಗಿ ನೋಡದೆ ಕೇಳುತ್ತಾಳೆ: 'ಅದ್ರ ಚೀಲ ಎಷ್ಟು ದೊಡ್ಡದಿದ್ದು?'